ಅರ್ತಿಂಗ್ ಗುಂಡಿಗೆ ಎರಡು ಚೊಂಬು ನೀರು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅದು ಮಾರ್ಚೋ ಏಪ್ರಿಲ್ಲೋ, ಅತ್ತೆಯ ಕೈಯಲ್ಲಿದ್ದದ್ದು ಹಿತ್ತಾಳೆ ಚೊಂಬೋ ಸ್ಟೀಲಿನದೋ, ಈಗ ಹೇಳಲಾರೆ. ಮುಖ್ಯವಾದದ್ದೇ ನೆನಪಿಲ್ಲ: ನೀರು ಹಾಕಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿದೆನೋ, ಬರೀ ಮುಖ ಸಿಂಡರಿಸಿದೆನೋ. ಡೈರಿ ತೆಗೆದು ನೋಡಿದರೆ ‘ಇವತ್ತು ಅತ್ತೆಗೆ ತಿಳಿಹೇಳಿದೆ’ ಎಂದಷ್ಟೇ ಇದೆ. ಏನು ಹೇಳಿದೆ ಎಂದು ಬರೆದಿಟ್ಟುಕೊಳ್ಳುವಷ್ಟು ಬುದ್ಧಿ ಆ ದಿನ ಇರಲಿಲ್ಲ.

ಶೆಟ್ಟಿಕೆರೆ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ, ನೆಲದಿಂದ ಗೇಣುದ್ದ ಕಬ್ಬಿಣದ ಪೈಪು ತಲೆ ಎತ್ತಿ ನಿಂತಿದೆ. ಮನೆ ಕಟ್ಟಿಸುವಾಗ ವೈರಿಂಗ್ ಮಾಡಿದವರು ಅಲ್ಲಿ ಅರ್ತಿಂಗ್‌ಗೆಂದು ಆಳುದ್ದ ಗುಂಡಿ ತೋಡಿಸಿ, ಪೈಪು ನಿಲ್ಲಿಸಿ, ಸುತ್ತ ಉಪ್ಪು ಇದ್ದಿಲು ತುಂಬಿದ್ದರಂತೆ. ಇದ್ದಿಲು ನಮ್ಮದೇ ತೆಂಗಿನ ಚಿಪ್ಪಿನದು. ನಾನು ಮದುವೆಯಾಗಿ ಬಂದಾಗ ಅತ್ತೆ ದಿನಾ ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು, ಆ ಪೈಪಿನ ಬಾಯಿಗೆ ಎರಡು ಚೊಂಬು ನೀರು ಹೊಯ್ಯುತ್ತಿದ್ದರು. ಯಾಕೆ ಎಂದು ಕೇಳಿದೆ.

“ಅದ್ಕೂ ಬಾಯಾರ್ತದೆ ಕಣವ್ವ” ಎಂದರು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದಿದವಳು. ಒದ್ದೆ ಮಣ್ಣಿಗಿಂತ ಒಣ ಮಣ್ಣಿನ ಪ್ರತಿರೋಧ ಹೆಚ್ಚು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು. ಅತ್ತೆಯ ಮಾತನ್ನು ಡೈರಿಯಲ್ಲಿ ಬರೆದುಕೊಂಡು, ‘ಇವರಿಗೆ ನೆಲವೂ ಜೀವಂತ’ ಎಂದು ಸೇರಿಸಿ, ಕೆಳಗೆ ಎರಡು ಗೆರೆ ಎಳೆದೆ. ಬೋರ್‌ವೆಲ್ ನೀರು ಇಳಿದ ಆ ಬೇಸಿಗೆಯಲ್ಲಿ ಜೀವಂತ ನೆಲಕ್ಕೆ ನೀರು ಹೊಯ್ಯುವುದು ದುಂದು ಅನ್ನಿಸಿತು. ಪಕ್ಕದ ತೆಂಗಿನ ಸಸಿಗಾದರೂ ಹಾಕಬಹುದಲ್ಲ ಎನ್ನುವಂಥದ್ದೇನೋ ನನ್ನಿಂದ ಹೊರಟಿರಬೇಕು. ಮರುದಿನದಿಂದ ಎರಡು ಚೊಂಬೂ ಸಸಿಗೆ ಹೋದವು.

ಕೆಲವು ವಾರಗಳಾದ ಮೇಲೆ, ಹಿತ್ತಲ ಜಗಲಿಯ ವಾಷಿಂಗ್ ಮಿಷಿನ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ ಎಂದು ಅತ್ತೆ ಹೇಳತೊಡಗಿದರು. ನಾನು ಮುಟ್ಟಿ ನೋಡಿದೆ, ಏನೂ ಇಲ್ಲ. ಅಂಗೈ ಪೂರ್ತಿ ಊರಿ ನಿಂತು ತೋರಿಸಿದೆ. ಒಗೆಯುವ ಕಲ್ಲಿನ ಮೇಲಿನ ಆಸೆಗೆ ಮಿಷಿನ್ ಮೇಲೆ ದೂರು ಹೇಳುತ್ತಾರೆ ಎಂದು ಗಂಡನ ಹತ್ತಿರ ನಕ್ಕೆ. ದೂರು ನಿಲ್ಲದಾಗ, ನರಗಳ ದೌರ್ಬಲ್ಯವೇ ಸರಿ ಎಂದು ತಿಪಟೂರಿಗೆ ಕರೆದುಕೊಂಡು ಹೋದೆ. ಯಾವಾಗ ಜುಮ್ಮೆನ್ನುತ್ತದೆ ಎಂದು ಡಾಕ್ಟರು ಕೇಳಿದ್ದು ಅತ್ತೆಯನ್ನು. ‘ಆಗಾಗ’ ಎಂದು ಉತ್ತರ ಕೊಟ್ಟದ್ದು ನಾನು. ವಿಟಮಿನ್ ಮಾತ್ರೆ ಬರೆದುಕೊಟ್ಟರು. ಅತ್ತೆ ಒಂದೂ ತಪ್ಪಿಸದೆ ನುಂಗಿದರು. ಜೊತೆಗೆ, ಮುದ್ದೆ ತಿರುವುವ ಹಳೆಯ ಕೋಲೊಂದನ್ನು ಜಗಲಿಯಲ್ಲಿಟ್ಟುಕೊಂಡು ಮಿಷಿನ್ನಿನ ಮುಚ್ಚಳವನ್ನು ಅದರಿಂದಲೇ ಎತ್ತತೊಡಗಿದರು.

ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುವುದು ನಾನು ಮೈಸೂರಿನಿಂದ ತಂದ ಅಭ್ಯಾಸ. ಅತ್ತೆಯದು ಯಾವಾಗಲೂ ಬರಿಗಾಲು. ಒಂದು ಮಧ್ಯಾಹ್ನ ಜಗಲಿ ತೊಳೆಯಲು ಚಪ್ಪಲಿ ಬಿಟ್ಟು, ಒದ್ದೆ ನೆಲದಲ್ಲಿ ನಿಂತು ಮಿಷಿನ್ ಮುಟ್ಟಿದೆ. ನರಗಳ ದೌರ್ಬಲ್ಯ ಮೊಣಕೈವರೆಗೆ ಹತ್ತಿ ಇಳಿಯಿತು.

ಮನೆಗೆ ವೈರಿಂಗ್ ಮಾಡಿದ್ದವರನ್ನೇ ಕರೆಸಿದೆವು. ಅವರು ಪ್ಲಗ್ ಕಿತ್ತು ಮಿಷಿನ್ ತಿರುಗಿಸಿದರು. ಅಟ್ಟದಲ್ಲಿ ಕೊಬ್ಬರಿಗೆಂದು ಕೂಡಿಟ್ಟ ಕಾಯಿಗೆ ಬರುವ ಇಲಿ, ಮಿಷಿನ್ನಿನೊಳಗಿನ ಒಂದು ವೈರನ್ನೂ ರುಚಿ ನೋಡಿತ್ತು. ಅಲ್ಲಿಂದ ಕರೆಂಟು ಸೋರಿ ಮಿಷಿನ್ನಿನ ತಗಡಿಗೆ ಬರುತ್ತಿತ್ತು. ಆಮೇಲೆ ಹಿತ್ತಲಿಗೆ ಹೋಗಿ ಪೈಪಿನೊಳಗೆ ಬಗ್ಗಿ ನೋಡಿದರು.

“ಕಾಯಿ ಇಟ್ಕಂಡವ್ರ ಮನೇಲಿ ಇಲಿ ಇದ್ದಿದ್ದೇ ಕಣ್ರೀ. ಸೋರಿದ್ದು ನೆಲಕ್ಕೆ ಇಳೀಲಿ ಅಂತ್ಲೇ ಈ ಗುಂಡಿ. ಹಿಂಗೆ ಒಣಗಿಸಿ ಇಟ್ರೆ ಅದು ಎಲ್ಲಿಗೆ ಹೋಗ್ಬೇಕು? ಮುಟ್ಟಿದವ್ರ ಮೈಮೇಲೆ ಬತ್ತದೆ. ದಿನಾ ನೀರು ಹಾಕಿ ಅಂತ ಅಮ್ಮಾವ್ರಿಗೆ ಅವತ್ತೇ ಹೇಳಿದ್ದೆ.”

ನಾನು ಒಣ ಮಣ್ಣಿನ ಪ್ರತಿರೋಧದ ಬಗ್ಗೆ ಒಂದೆರಡು ಮಾತು ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು.

“ನೀವು ಏನ್ ಓದಿದ್ದು?”

“ಕನ್ನಡ” ಅಂದೆ.

ಪಕ್ಕದಲ್ಲೇ ಇದ್ದ ಅತ್ತೆ ಹಸುವಿನ ಕಡೆ ಮುಖ ತಿರುಗಿಸಿಕೊಂಡರು. ನಕ್ಕರು ಎಂದು ನನ್ನ ನೆನಪು. ಆ ನೆನಪನ್ನೂ ನಾನು ಅಷ್ಟಾಗಿ ನಂಬುವುದಿಲ್ಲ.

ವೈರು ಬದಲಾಯಿತು. ಕರೆಂಟು ಸೋರಿದ ಕೂಡಲೇ ತಾನೇ ಬೀಳುವ ಸ್ವಿಚ್ಚೊಂದು ಬೋರ್ಡಿಗೆ ಬಂತು. ಈಗ ಪೈಪಿಗೆ ನೀರು ಹೊಯ್ಯುವ ಕೆಲಸ ನನ್ನದು. ಮುದ್ದೆ ಕೋಲು ಮಾತ್ರ ಇನ್ನೂ ಜಗಲಿಯಲ್ಲೇ ಇದೆ, ನೋಡಿದಾಗಲೆಲ್ಲ ಚುಚ್ಚುತ್ತದೆ. ನರದ ಕಾಯಿಲೆ ಎಂದು ನಂಬಿದವರು ಮರದ ಕೋಲು ಹಿಡಿಯುವುದಿಲ್ಲ. ಮೊನ್ನೆ ಎರಡನೇ ಚೊಂಬು ಹೊಯ್ಯುತ್ತಾ ಕೇಳಿಯೇಬಿಟ್ಟೆ. ಅತ್ತೆ ಹುಲ್ಲಿನ ಹೊರೆ ಬಿಚ್ಚುತ್ತಿದ್ದರು, ಬಿಚ್ಚುತ್ತಲೇ ಇದ್ದರು.

“ಅತ್ತೆ, ನೀರು ಹಾಕೋದು ನಿಂತಿದ್ದಕ್ಕೇ ಹಂಗಾಗ್ತಿತ್ತು ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ, ನಾನು ಬೇಡ ಅಂದೆ ಅಂತ ಸುಮ್ನಿದ್ರಾ?”