ಎರಡು ತೂತುಗಳ ಮಜೂರಿ

ವಸ್ತುವಿನ ಕ್ರಯ ನನಗೆ ಅರ್ಥವಾಗುತ್ತದೆ, ಮಜೂರಿ ಅರ್ಥವಾಗುವುದಿಲ್ಲ. ಇಪ್ಪತ್ತಮೂರು ವರ್ಷ ಸಂಸಾರ ಮಾಡಿದವಳು ಇದನ್ನು ಒಪ್ಪಿಕೊಳ್ಳಬಾರದೇನೋ. ಬದನೆಕಾಯಿಯನ್ನು ಒಮ್ಮೆ ಅಮುಕಿದರೆ ಅದರ ಯೋಗ್ಯತೆ ಎಷ್ಟೆಂದು ಹೇಳಬಲ್ಲೆ. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿದರೆ ಅಂಗಡಿಯವನ ಮುಖವೇ ಸ್ವಲ್ಪ ಇಳಿಯುತ್ತದೆ. ಆದರೆ ಒಬ್ಬ ಮನುಷ್ಯ ಬಂದು, ಏಣಿ ಹತ್ತಿ, ಏನನ್ನೋ ತಿರುಗಿಸಿ, ಇಳಿದು ಕೈ ಒರಸಿಕೊಂಡು ನಿಂತನೆಂದರೆ ನಾನು ಸೋತೆ. ಅಮುಕಿ ನೋಡಲು ಅಲ್ಲಿ ಏನೂ ಇರುವುದಿಲ್ಲ.

ನನ್ನ ತವರು ಬೆಟ್ಟಂಪಾಡಿಯಲ್ಲಿ ಈ ಕಷ್ಟವಿರಲಿಲ್ಲ. ಅಲ್ಲಿ ದಿನದ ಕೆಲಸಕ್ಕೆ ಸೇರಿನಲ್ಲಿ ಅಕ್ಕಿ ಅಳೆದು ಕೊಡುವ ಕ್ರಮ. ಕೊನೆಗೆ ಅಮ್ಮ ಇನ್ನೊಂದು ಹಿಡಿ ಅಕ್ಕಿಯನ್ನು ಅಳತೆಯಿಲ್ಲದೆ ಹಾಕುತ್ತಿದ್ದಳು. ಆ ಹಿಡಿ ಯಾವುದಕ್ಕೆ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೇಳಿದ್ದರೆ ಈಗ ಉಪಯೋಗಕ್ಕೆ ಬರುತ್ತಿತ್ತು.

ಈ ವರ್ಷ ನನ್ನನ್ನು ಪೂರ್ತಿ ಗೊಂದಲಕ್ಕೆ ನೂಕಿದ್ದು ಒಂದು ಫ್ಯಾನು. ಪುತ್ತೂರು ಪೇಟೆಯ ನಮ್ಮ ಸಣ್ಣ ಹಂಚಿನ ಮನೆಗೆ ಕರೆಂಟು ಬಂದು ಮೂರು ವರ್ಷ ಆಯಿತು. ನಾಲ್ಕು ಬಲ್ಬುಗಳಿದ್ದವು, ಅಷ್ಟಕ್ಕೇ ನಾವು ತೃಪ್ತರಾಗಿದ್ದೆವು. ಅಷ್ಟರಲ್ಲಿ ಮಂಗಳೂರಿನಿಂದ ಮಗಳು ವಾರಿಜೆಯ ಅತ್ತೆಯ ಕಾಗದ ಬಂತು. ವಾರಿಜೆಗೆ ದಿನ ತುಂಬುತ್ತಿತ್ತು. "ಪುತ್ತೂರಿನ ಸೆಕೆಯಲ್ಲಿ ಹುಡುಗಿಗೆ ಕಷ್ಟ. ಇಲ್ಲಿ ಹೇಗೂ ಫ್ಯಾನು ಉಂಟು. ಹೆರಿಗೆ, ಬಾಣಂತನ ಇಲ್ಲಿಯೇ ಆಗಲಿ ಎಂದು ನಮ್ಮ ಯೋಚನೆ" ಎಂದು ಅವರು ಬಹಳ ವಿನಯದಿಂದ ಬರೆದಿದ್ದರು.

ಕಾಗದ ಓದಿ ನಾನು ಬಚ್ಚಲಿಗೆ ಹೋದೆ. ಬಾಣಂತಿಯ ಸ್ನಾನಕ್ಕೆಂದು ದೊಡ್ಡ ಹಂಡೆಯನ್ನು ಹುಣಸೆಹುಳಿ ಹಾಕಿ ಬೆಳಗಿ ಇಟ್ಟಿದ್ದೆ. ಹಳೆಯ ಸೀರೆಗಳನ್ನು ಹರಿದು, ಒಗೆದು, ಮಡಚಿ ಆಗಿತ್ತು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗದಿದ್ದರೆ ಮತ್ತೆ ತಾಯಿ ಎಂದು ನಾನು ಇರುವುದಾದರೂ ಯಾಕೆ? ಒಬ್ಬಳೇ ಮಗಳು. ಫ್ಯಾನಿಲ್ಲದ ಒಂದೇ ಕಾರಣಕ್ಕೆ ಆ ಹಂಡೆ ಖಾಲಿ ಉಳಿಯುವುದೆಂದರೆ!

ನಮ್ಮವರು ವಕೀಲರೊಬ್ಬರ ಗುಮಾಸ್ತ. ಕೊಡೆಯ ಕಡ್ಡಿ ಮುರಿದರೆ ನೂಲು ಕಟ್ಟಿ ಇನ್ನೊಂದು ಮಳೆಗಾಲ ಕಳೆಯುವ ಜನ. ಅಂಥವರು ನನ್ನ ಮುಖ ನೋಡಿ, "ಹಾಗಾದ್ರೆ ನಾವೂ ಒಂದು ಫ್ಯಾನು ಹಾಕುವ" ಎಂದರು. ಮರುವಾರವೇ ಮಂಗಳೂರಿನಿಂದ ಫ್ಯಾನು ಬಸ್ಸಿನ ಮೇಲೆ ಕುಳಿತು ಬಂತು. ಕ್ರಯದ ಚೀಟಿಯೂ ಜೊತೆಗಿತ್ತು. ಅಲ್ಲಿಯವರೆಗೆ ಎಲ್ಲವೂ ಅರ್ಥವಾಯಿತು.

ವಯರಿಂಗ್ ಮಾಡುವ ಕುಶಾಲಪ್ಪ ಸುಳ್ಯದ ಕಡೆಯವನು, ಮಾತು ಚುರುಕು. ಬಂದವನೇ ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿದ.

"ಅಕ್ಕ, ಇದು ಹೀಗೆ ಆಗುದಿಲ್ಲ. ಫ್ಯಾನಿಗೆ ಕೊಕ್ಕೆ ಬೇಕು, ಕೊಕ್ಕೆಗೆ ತೊಲೆಯಲ್ಲಿ ತೂತು ಬೇಕು. ತೂತು ನನ್ನ ಕೆಲಸ ಅಲ್ಲ."

"ಮತ್ತೆ ನಿನ್ನ ಕೆಲಸ ಎಂತದು?"

"ತೂತಿಂದ ಕೆಳಗೆ ನೇತಾಡುದೆಲ್ಲ ನಂದು."

"ಮಜೂರಿ ಎಷ್ಟು?"

"ನಮ್ಮದು ಪಾಯಿಂಟಿನ ಲೆಕ್ಕ ಅಕ್ಕ. ಒಂದು ದೀಪ ಹಾಕಿದ್ರೆ ಒಂದು ಪಾಯಿಂಟು, ಒಂದು ಫ್ಯಾನಿಗೆ ಒಂದು ಪಾಯಿಂಟು."

"ಹಾಗಾದ್ರೆ ನಮ್ಮದು ಒಂದು."

"ಒಂದೇ. ಆದ್ರೆ ನಿಮ್ಮ ಸ್ವಿಚ್ಚು ಆಚೆ ಗೋಡೆಯಲ್ಲಿ ಉಂಟಲ್ಲ, ಇದು ಸ್ವಲ್ಪ ಉದ್ದದ ಒಂದು."

"ಉದ್ದದ ಒಂದು ಅಂದ್ರೆ ಎಷ್ಟು?"

"ಒಂದೂವರೆ" ಎಂದ ಕುಶಾಲಪ್ಪ, ಒಂಚೂರೂ ನಗದೆ.

ತೂತಿಗೆ ಕಬಕದಿಂದ ಮರಗೆಲಸದ ಕೊಗ್ಗ ಆಚಾರಿಯನ್ನು ಕರೆಸಿದೆವು. ವಯಸ್ಸಾದ ಜನ. ಕನ್ನಡಕದ ಒಂದು ಕಾಲಿನ ಬದಲಿಗೆ ನೂಲು. ಹಲಸಿನ ತೊಲೆಯನ್ನು ಕೆಳಗಿನಿಂದಲೇ ಬಹಳ ಹೊತ್ತು ನೋಡಿ ಎಲೆಗೆ ಸುಣ್ಣ ಹಚ್ಚಿದರು. ಒಂದು ತೂತಿಗೆ ಎಷ್ಟೆಂದು ಕೇಳಿದೆ.

"ತೂತಿನ ಲೆಕ್ಕ ನನಗೆ ಬರುದಿಲ್ಲ ಅಮ್ಮ. ದಿನಕ್ಕೆ ನಾಲ್ಕು ರೂಪಾಯಿ."

"ಅರ್ಧ ಗಂಟೆಯ ಕೆಲಸ ಅಲ್ವಾ ಆಚಾರಿಯವರೆ?"

"ಹೌದು. ಆದ್ರೆ ಅರ್ಧ ಗಂಟೆಗೆ ಕಬಕದಿಂದ ನಡೆದು ಬರ್ಲಿಕ್ಕೆ ಆಗುದಿಲ್ಲ. ಬಂದ್ರೆ ಒಂದು ದಿನ ಬಂದ ಹಾಗೆ."

ನೋಡಿ, ಒಂದೇ ಫ್ಯಾನು. ಒಬ್ಬ ಉದ್ದ ಅಳೆಯುತ್ತಾನೆ, ಇನ್ನೊಬ್ಬರು ಸೂರ್ಯನನ್ನು ಅಳೆಯುತ್ತಾರೆ. ಹಿಂದೆ ಕೋರ್ಟಿನಲ್ಲಿ ನ್ಯಾಯಾಧೀಶರ ತಲೆಯ ಮೇಲೆ ಬಟ್ಟೆಯ ದೊಡ್ಡ ಪಂಖಾ ಇತ್ತಂತೆ. ಅದರ ಹಗ್ಗ ಎಳೆಯಲು ಹೊರಗೊಬ್ಬ ಕೂತಿರುತ್ತಿದ್ದ. ಅವನಿಗೆ ಸಂಬಳ ಗಾಳಿಗೋ ಕೂತದ್ದಕ್ಕೋ ಎಂದು ನಮ್ಮವರನ್ನು ಕೇಳಿದರೆ, "ತೂಕಡಿಸದೆ ಇದ್ದದ್ದಕ್ಕೆ" ಎಂದರು. ಯಕ್ಷಗಾನದ ದೇವೇಂದ್ರನ ಒಡ್ಡೋಲಗದಲ್ಲಿಯೂ ಚಾಮರ ಬೀಸುವವರ ಸುದ್ದಿ ಬರುತ್ತದೆ, ಅವರ ಮಜೂರಿಯ ಸುದ್ದಿ ಬರುವುದಿಲ್ಲ. ಸ್ವರ್ಗದಲ್ಲಿಯೇ ಇತ್ಯರ್ಥವಾಗದ್ದು ಪುತ್ತೂರಿನಲ್ಲಿ ಆಗುತ್ತದೆಯೆ?

ಇಡೀ ದಿನದ ಸಂಬಳ ಕೊಡುವುದಾದರೆ ಇಡೀ ದಿನದ ಕೆಲಸ ಆಗಬೇಕೆಂಬ ಹಟ ನನಗೆ ಬಂತು. ಕೊಗ್ಗ ಆಚಾರಿ ಬೈರಿಗೆ ತಿರುಗಿಸಿ ಕೋಣೆಯ ನಡುವೆ ತೂತು ಮಾಡಿ ಇಳಿದಾಗ ಗಂಟೆ ಹತ್ತೂ ಆಗಿರಲಿಲ್ಲ. ತೆಂಗಿನಕಾಯಿ ತುರಿಯುವಾಗ ಅಲುಗಾಡುವ ಹೆರೆಮಣೆ ತಂದಿಟ್ಟೆ, ಸರಿಮಾಡಿದರು. ಕಿಟಕಿಯ ಚಿಲಕ ತೋರಿಸಿದೆ, ಅದೂ ಆಯಿತು. ಊಟವಾದ ಮೇಲೆ, ಅಟ್ಟದಲ್ಲಿದ್ದ ಹಳೆಯ ತೊಟ್ಟಿಲಿನ ಕಾಲು ಸಡಿಲವಾದದ್ದು ನೆನಪಾಗಿ ಅದನ್ನೂ ಇಳಿಸಲೇ ಎಂದೆ.

ಆಚಾರಿ ತಲೆಯೆತ್ತಿದರು. "ಅದು ಅಲ್ಲೇ ಇರ್ಲಿ ಅಮ್ಮ. ಈಗ ಮುಟ್ಟುದು ಬೇಡ."

ನಾನು ನಾಲಗೆ ಕಚ್ಚಿಕೊಂಡೆ. ಮಗು ಹುಟ್ಟುವ ಮೊದಲು ತೊಟ್ಟಿಲಿಗೆ ಕೈ ಹಚ್ಚಬಾರದೆಂದು ತಿಳಿಯದವಳೇ ನಾನು? ನಾಲ್ಕು ರೂಪಾಯಿಯನ್ನು ಹಿಂಡುವ ಭರದಲ್ಲಿ ಮರೆತಿದ್ದೆ. ಅವರು ಕೋಣೆಯ ಸುತ್ತ ಕಣ್ಣಾಡಿಸಿ, "ಮಗಳು ಮಲಗುದು ಯಾವ ಬದಿಗೆ?" ಎಂದು ಕೇಳಿದರು. ಫ್ಯಾನಿನ ಗಾಳಿಯ ವಿಚಾರವೆಂದುಕೊಂಡು, "ಗೋಡೆಯ ಬದಿಗೆ" ಎಂದು ಹೇಳಿ ಕಾಫಿಗೆ ನೀರಿಡಲು ಹೋದೆ.

ಕಾಫಿ ತಂದು ನೋಡುತ್ತೇನೆ, ತೊಲೆಯಲ್ಲಿ ಎರಡು ತೂತು! ಒಂದು ನಡುವೆ, ಇನ್ನೊಂದು ನಾಲ್ಕು ಮೊಳ ದೂರ, ಗೋಡೆಯ ಹತ್ತಿರ.

"ಇದೆಂತ ಆಚಾರಿಯವರೆ?"

"ಇರ್ಲಿ ಅಮ್ಮ. ಒಂದು ತೂತಿಗೆ ತೊಲೆ ಎಂತ ಬೀಳುದಿಲ್ಲ."

ಇಷ್ಟೇ ಉತ್ತರ. ಮುದುಕರಿಗೆ ಕಣ್ಣು ಕಾಣುವುದಿಲ್ಲ, ಮೊದಲಿನ ತೂತು ನಡುವಿಗೆ ಬರಲಿಲ್ಲವೆಂದು ಭಾವಿಸಿ ಇನ್ನೊಂದು ಕೊರೆದಿದ್ದಾರೆ, ಈಗ ಒಪ್ಪಿಕೊಳ್ಳಲು ನಾಚಿಕೆ ಎಂದು ನಾನು ತೀರ್ಮಾನಿಸಿದೆ. ಸಂಜೆ ಸಂಬಳ ಕೊಡುವಾಗ ಮೂರೂವರೆ ರೂಪಾಯಿ ಕೈಯಲ್ಲಿಟ್ಟು, "ಆ ಹೆಚ್ಚಿನ ತೂತಿಗೆ ಎಂಟಾಣೆ ಹಿಡಿದಿದ್ದೇನೆ" ಎಂದೆ. ಅವರು ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು, ಚೀಲ ಹೆಗಲಿಗೇರಿಸಿ ನಡೆದರು. ವಾದ ಮಾಡಲಿಲ್ಲ. ತಪ್ಪು ಮಾಡದವರು ಸುಮ್ಮನಿರುತ್ತಾರೆಯೆ ಎಂದು ನನ್ನ ತೀರ್ಮಾನ ಇನ್ನೂ ಗಟ್ಟಿಯಾಯಿತು.

ಕುಶಾಲಪ್ಪನಿಗೋ ಆ ತೂತೊಂದು ಹಬ್ಬ. "ಇದೆಂತ ಅಕ್ಕ, ಎರಡನೇ ಫ್ಯಾನಿಗೆ ಈಗಲೇ ಜಾಗ ಹಿಡಿದಿಟ್ಟದ್ದಾ? ಅದು ಬಂದ್ರೆ ಗಿಡ್ಡ ಪಾಯಿಂಟು, ಮುಕ್ಕಾಲು ಕೊಟ್ರೆ ಸಾಕು" ಎಂದು ನಗಾಡಿದ. ಏನೇ ಇರಲಿ, ಫ್ಯಾನು ತಿರುಗಿತು. ನಮ್ಮವರು ಮಂಗಳೂರಿಗೆ ಕಾಗದ ಬರೆದರು. ಕಾಗದದ ಹಿಂದೆಯೇ ವಾರಿಜೆಯೂ ಬಂದಳು. ಹನ್ನೊಂದು ದಿನ ಅವಳು ಅದರ ಗಾಳಿಯಲ್ಲಿ ಮಲಗಿ, "ಅಮ್ಮ, ಸ್ವರ್ಗ" ಎಂದಳು. ಹನ್ನೆರಡನೆಯ ದಿನ ಆಸ್ಪತ್ರೆಗೆ ಹೋದೆವು. ಹೆಣ್ಣು ಮಗು.

ಮನೆಗೆ ಬಂದ ಮರುದಿನ ಮಗುವನ್ನು ನೋಡಲು ವಾರಿಜೆಯ ಅತ್ತೆ ಬಂದರು. ಚಪ್ಪಲಿ ಬಿಟ್ಟವರೇ ಮಗುವಿನ ಹತ್ತಿರ ಹೋಗಲಿಲ್ಲ. ನೇರ ಗೋಡೆಗೆ ಹೋಗಿ ಸ್ವಿಚ್ಚು ಆರಿಸಿದರು.

"ಬಾಳಂತಿಗೆ ಗಾಳಿ ತಾಗ್ಲಿಕ್ಕೆ ಉಂಟಾ? ನಿಮಗೆ ಇಷ್ಟೂ ಗೊತ್ತಿಲ್ವಾ ಮಾರಾಯ್ರೆ?"

"ಫ್ಯಾನು ಬೇಕೂಂತ ನೀವೇ ಅಲ್ವಾ ಬರೆದದ್ದು?"

"ನಾನು ಬರೆದದ್ದು ಬಸುರಿಗೆ. ಇವಳು ಈಗ ಬಾಳಂತಿ."

ಅವರು ಹೇಳಿದ್ದು ನನಗೆ ತಿಳಿಯದ್ದೇನಲ್ಲ. ಗಾಳಿ ಹೋಗದಿರಲೆಂದು ಬೆಳಗ್ಗೆ ನಾನೇ ಮಗಳ ಕಿವಿಗೆ ಬಟ್ಟೆ ಸುತ್ತಿದ್ದೆ. ಸುತ್ತಿ, ಅದೇ ಕೈಯಲ್ಲಿ ಫ್ಯಾನು ಹಾಕಿದ್ದೆ. ಬಾಣಂತನಕ್ಕೆಂದು ಫ್ಯಾನು ತರಿಸುವಾಗ ನಮ್ಮಲ್ಲಿ ಒಬ್ಬರಿಗೂ ಬಾಣಂತಿ ನೆನಪಾಗಲಿಲ್ಲ! ವಾರಿಜೆ ಸುತ್ತಿದ ಬಟ್ಟೆಯೊಳಗಿನಿಂದ ನಕ್ಕಳು. ಫ್ಯಾನು ಅಂದು ನಿಂತದ್ದು, ನಲುವತ್ತು ದಿನ ತಿರುಗಲಿಲ್ಲ.

ತೊಟ್ಟಿಲಿಗೆ ಹಾಕುವ ದಿನದ ಬೆಳಗ್ಗೆ ಕೊಗ್ಗ ಆಚಾರಿ ಕರೆಯದೆಯೇ ಬಂದರು. ಮಗುವಾದ ಸುದ್ದಿ ಕಬಕದಲ್ಲಿ ಸಿಕ್ಕಿತಂತೆ. ಸೊಂಟಕ್ಕೆ ಸುತ್ತಿದ ಬೈರಾಸು ಬಟ್ಟೆ ಬಿಚ್ಚಿ ಒಂದು ಕಬ್ಬಿಣದ ಕೊಕ್ಕೆ ತೆಗೆದರು. ಅಟ್ಟದಿಂದ ತೊಟ್ಟಿಲನ್ನು ತಾವೇ ಇಳಿಸಿ, ಕಾಲು ಬಿಗಿಮಾಡಿ, ಕೊಕ್ಕೆಯನ್ನು ಗೋಡೆಯ ಬದಿಯ ಆ ಹೆಚ್ಚಿನ ತೂತಿಗೆ ಹಾಕಿ, ತೊಟ್ಟಿಲು ಕಟ್ಟಿದರು. ವಾರಿಜೆ ಮಲಗಿದಲ್ಲಿಂದಲೇ ಕೈ ಚಾಚಿ ತೂಗಿದಳು. ಒಂದು ಗೇಣೂ ಹೆಚ್ಚುಕಡಿಮೆ ಇಲ್ಲ.

"ಅವತ್ತೇ ಹೇಳ್ಬಹುದಿತ್ತಲ್ಲ ಆಚಾರಿಯವರೆ" ಎಂದೆ.

"ಹುಟ್ಟದ ಮಗುವಿಗೆ ತೊಟ್ಟಿಲಿನ ಮಾತು ಆಡುದುಂಟಾ ಅಮ್ಮ? ತೂತು ಮಾಡ್ಬಹುದು, ಹೇಳ್ಲಿಕ್ಕೆ ಆಗುದಿಲ್ಲ."

ಒಳಗೆ ಓಡಿ ಎಂಟಾಣೆಯ ಮೇಲೆ ಇನ್ನೆರಡು ರೂಪಾಯಿ ಸೇರಿಸಿ ತಂದೆ. ಅವರು ಕೈ ಚಾಚಲಿಲ್ಲ. "ಅದೆಲ್ಲ ಅವತ್ತಿನ ದಿನದಲ್ಲೇ ಬಂತು" ಎಂದರು. ಬಹಳ ಒತ್ತಾಯ ಮಾಡಿದ ಮೇಲೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಈಗ ಮಳೆ ಹಿಡಿದಿದೆ, ಸೆಕೆ ಹೋಗಿದೆ. ಮಂಗಳೂರಿನಿಂದ ಕರೆದೊಯ್ಯಲು ಬರುವವರೆಗೆ ತಾಯಿ ಮಗು ಇಲ್ಲಿಯೇ. ನಡುವಿನ ತೂತಿನ ಕೆಳಗೆ ಒಂದೂವರೆ ಪಾಯಿಂಟಿನ ಫ್ಯಾನು ಧೂಳು ಹಿಡಿದು ಸುಮ್ಮನಿದೆ. ಬದಿಯ ತೂತಿನ ಕೆಳಗೆ ತೊಟ್ಟಿಲು ಆಡುತ್ತಿದೆ. ಅಂದು ನಾನು ಕೊಟ್ಟ ಮೂರೂವರೆ ರೂಪಾಯಿ ಯಾವ ತೂತಿನದ್ದು, ಹಿಡಿದ ಎಂಟಾಣೆ ಯಾವುದರದ್ದು, ಅಮ್ಮ ಅಳೆಯದೆ ಹಾಕುತ್ತಿದ್ದ ಆ ಒಂದು ಹಿಡಿ ಅಕ್ಕಿ ಇದರಲ್ಲಿ ಎಲ್ಲಿ ಬರುತ್ತದೆ ಎಂದು ತೊಟ್ಟಿಲು ತೂಗುತ್ತಾ ದಿನವೂ ಲೆಕ್ಕ ಹಾಕುತ್ತೇನೆ. ಲೆಕ್ಕ ಮುಗಿಯುವ ಮೊದಲು ಮಗುವಿಗೆ ನಿದ್ದೆ ಬರುತ್ತದೆ. ಕೆಲವೊಮ್ಮೆ ಅದಕ್ಕಿಂತ ಮೊದಲು ನನಗೆ.