ನಾ ತೊಳೆದ ಅಂಗುಸ್ತಾನ

ಈ ಸಲ ಮಹಾನವಮಿ ಮುಂದ ಹಿತ್ತಾಳಿ ಭಾಂಡಿ ತಿಕ್ಕಾಕ ಕುಂತಿದ್ದೆ. ಬಾಜೂಕ ನೆನೆಸಿದ ಹುಣಸಿಹಣ್ಣು, ಇಟ್ಟಂಗಿ ಪುಡಿ. ಮೊಮ್ಮಗಳು ಮರಾಠ್ಯಾಗ, "ಆಜೀ, ಈಗ ಪೌಡರ್ ಸಿಗ್ತೈತಿ, ಇದ್ಯಾಕ?" ಅಂದ್ಲು. ಉತ್ತರ ಕೊಡಬೇಕು ಅನ್ನೂದರಾಗ ಆ ಹುಳಿ ವಾಸನಿ ಮೂಗಿಗೆ ಬಡೀತು… ಮುಗೀತು. ಅರ್ಧ ತಿಕ್ಕಿದ ತಂಬಿಗಿ ಅಲ್ಲೇ ಬಿಟ್ಟು ಎದ್ದೆ. ಒಳಗ ಹೋದೆ, ಹೊರಗ ಬಂದೆ, ಮತ್ತ ಒಳಗ. ಎಲ್ಲಿ ನಿಂತರೂ ನಿಂತಂಗ ಆಗಲಿಲ್ಲ. ವರ್ಷಾ ವರ್ಷಾ ನನಗ ಹಿಂಗ ಆಗ್ತೈತಿ. ಮಾಸ್ತರ ಕಾಕಾ ನೆನಪಾಗ್ತಾರ.

ಮಿರಜದಾಗ ಅವರು ನಮ್ಮ ಬಾಜೂ ಮನಿಯವರು. ಸಾಲ್ಯಾಗ ಚಿತ್ರಾ ಕಲಿಸಿ ರಿಟೈರ್ ಆಗಿದ್ರು. ನಾ ಆಗ ಇಪ್ಪತ್ತರ ಸೊಸಿ, ಅಥಣಿ ಕಡಿಂದ ಬಂದಾಕಿ; ಮರಾಠಿ ಇನ್ನೂ ನಾಲಗಿಗೆ ಹತ್ತಿರಲಿಲ್ಲ. ಓಣ್ಯಾಗ ನಿಂತು ನನ್ನ ಕೂಡ ಕನ್ನಡ ಮಾತಾಡವ್ರು ಅವರೊಬ್ರ. ಊರಾಗ ಎಲ್ಲೇ ಹಳೇ ವಾಡೆ ಕೆಡವಿ ಪಾಯಾ ತೋಡ್ಲಿ, ಕಾಕಾ ಅಲ್ಲಿ ಹಾಜರ್. ಚಾಳೀಸು ಮೂಗಿನ ತುದಿಗೆ ಜಾರಿಸಿ ಮಣ್ಣಿನ ಗುಡ್ಡಿ ಕೆದಕ್ತಿದ್ರು. ಮುರದ ಮಣ್ಣಿನ ಚಿಲುಮಿ, ಎಲುಬಿನ ಗುಂಡಿ, ನೀಲಿ ಹೂವಿನ ಪಿಂಗಾಣಿ ಚೂರು, ಅರ್ಧ ಬಾಚಣಿಕಿ… ಎಲ್ಲಾ ಒಂದು ಬಿಸ್ಕೀಟ್ ಡಬ್ಬ್ಯಾಗ. ಮಂದಿ 'ತಿಪ್ಪಿ ಮಾಸ್ತರ' ಅಂತ ನಗತಿದ್ರು.

ಅವರ ಹಟಾ ಒಂದ: ಎರಡನೂರ ವರ್ಷದ ಹಿಂದ, ಪೇಶ್ವೆ ಕಾಲದಾಗ, ತೋಪು ಹಾರಸೂ ಕೆಲಸಕ್ಕ ಬಂದ ಯುರೋಪಿನ ಒಬ್ಬ ಫಿರಂಗಿ ಇಲ್ಲಿ ಕಿಲ್ಲೇದ ಬಾಜೂಕ ಮನಿ ಮಾಡಿದ್ದ, ಹೆಂಡ್ತಿ ಮಕ್ಕಳನ್ನೂ ಕರಕೊಂಡು. "ತೋಪು, ಕುದುರಿ, ಲಡಾಯಿ ಎಲ್ಲಾ ಪುಸ್ತಕದಾಗ ಐತಿ ತಂಗಿ. ಅವನ ಅಂಗಿಗೆ ಗುಂಡಿ ಹಚ್ಚಿದಾಕಿ ಎಲ್ಲಿ ಅದಾಳ?" ಅಂತ ಕೇಳ್ತಿದ್ರು.

ಒಂದಿನ ಮಧ್ಯಾಹ್ನ ಓಡಿಕೋತ ಬಂದ್ರು. ಅಂಗೈಯಾಗ ಹಸರ ಕಿಲುಬು ಹಿಡದ ಒಂದ ಸಣ್ಣ ಹಿತ್ತಾಳಿ ಟೋಪಿ. ಅಂಗುಸ್ತಾನ, ಹೊಲಿಯೂವಾಗ ಸೂಜಿ ಚುಚ್ಚಬಾರದಂತ ಬೆರಳಿಗೆ ಹಾಕ್ಕೊಳ್ತಾರಲ್ಲ, ಅದು. ಹೆಣ್ಣಬೆರಳಿನ ಅಳತಿ. ಕಿಲ್ಲೇದ ಕಡೆ ಹೊಸಾ ಕಟ್ಟಡಕ್ಕ ಪಾಯಾ ತೋಡಿದಲ್ಲಿ ಸಿಕ್ಕಿತ್ತಂತ. "ನಿನ್ನ ಕಣ್ಣು ಎಳೇವು, ಓದು," ಅಂತ ಭೂತಗನ್ನಡಿ ಕೊಟ್ರು. ಅಂಚಿಗೆ, ಕಿಲುಬಿನ ನಡು, ಸೂಜಿಲೆ ಗೀರಿದಂಗ ಎರಡು ಇಂಗ್ಲಿಷ್ ಅಕ್ಷರ. ಎಂ. ಅದರ ಬಾಜೂಕ ಬಿ. ನಾ ಓದಿದ್ದ ತಡ, ಕಾಕಾನ ಕಣ್ಣಾಗ ನೀರು. "ಸಿಕ್ಕಳು ನೋಡು!" ಅಂದ್ರು. ಆ ಅಕ್ಷರ ಅವರ ಬಿಟ್ರ ನೋಡಿದಾಕಿ ನಾ ಒಬ್ಬಾಕಿನ.

ಹಳೇ ವಸ್ತು ಪರೀಕ್ಷಾ ಮಾಡೂ ಸಾಹೇಬ್ರಿಗೆ ಪುಣೆಕ್ಕ ಪತ್ರಾ ಬರದ್ರು. ಸಾಹೇಬ್ರು ಹೂಂ ಅಂದ್ರ ಆ ಪಾಯಾದ ಕೆಲಸಾ ನಿಲ್ಲಿಸಿ ಜಾಗಾ ಹುಷಾರಾಗಿ ಅಗಸ್ತಿದ್ರು. ಇಲ್ಲಂದ್ರ ಸಿಮೆಂಟ್. ಬರ್ತೀನಿ ಅಂತ ಉತ್ತರ ಬಂತು. ಕಾಕಾನ ಮನ್ಯಾಗ ಹಬ್ಬದ ಸುಣ್ಣಾ ಹಚ್ಚೂದು ನಡದಿತ್ತು, ಅದಕ್ಕ ಡಬ್ಬಿ ನಮ್ಮಲ್ಲಿ ಇಟ್ರು. ಸಾಹೇಬ್ರು ಕುಂದ್ರೂದೂ ನಮ್ಮ ಪಡಸಾಲ್ಯಾಗನ ಅಂತ ಆತು.

ನಮ್ಮದು ಭಾಂಡಿ ವ್ಯಾಪಾರದ ಮನಿ. ಕಿಲುಬು ಕಂಡ್ರ ಈ ಮಂದಿ ಕೈ ಸುಮ್ಮನಿರೂದಿಲ್ಲ. ಗಿರಾಕಿ ಬರೂದರಾಗ ಎಲ್ಲಾ ಫಳಫಳ ಅನಬೇಕು. ನನಗೂ ಆ ಚಟಾ ಹತ್ತಿತ್ತು. ದೇವರ ಭಾಂಡಿ ತಿಕ್ಕೂವಾಗ ಡಬ್ಬಿ ನೆನಪಾತು. ಪುಣೆದಿಂದ ಸಾಹೇಬ್ರು ಬರ್ತಾರ, ಕಾಕಾನ ಸಾಮಾನು ಹಿಂಗ ಹೊಲಸ ಇರಬೇಕ? ಅಂಗುಸ್ತಾನಕ್ಕ ಹುಣಸಿಹಣ್ಣು ಹಚ್ಚಿದೆ, ಇಟ್ಟಂಗಿ ಪುಡಿ ಹಾಕಿ ತಿಕ್ಕೇ ತಿಕ್ಕಿದೆ. ಬಂಗಾರ ಆಗಿ ಕುಂತು. ನಾ ಎಂಥಾ ದಡ್ಡ ಕತ್ತಿ! ಅಕ್ಷರ ಉಳದಾವೇನು ಅಂತ ನೋಡಲೂ ಇಲ್ಲ.

ಕಾಕಾ ಬಂದು ಡಬ್ಬಿ ತೆಗದ್ರು. ಅಂಗುಸ್ತಾನ ಕಿಡಕಿ ಬೆಳಕಿಗೆ ಹಿಡದು ತಿರಿವಿದ್ರು, ಮತ್ತ ತಿರಿವಿದ್ರು… ಅಕ್ಷರ ಇದ್ದ ಅಂಚಿಗೆ ಬೆರಳಾಡಿಸಿದ್ರು, ಏನೂ ಉಳದಿರಲಿಲ್ಲ. "ಛಲೋ ತೊಳದೀ ಅವ್ವಾ," ಅಂದ್ರು. ಬೈಲಿಲ್ಲ. ಬೈದಿದ್ರ ಬದುಕ್ತಿದ್ದೆ.

ಸಾಹೇಬ್ರು ಬಂದ್ರು. ಒಂದ ಕ್ಷಣ ನೋಡಿ, "ಮಾಸ್ತರ, ಇದು ಪ್ಯಾಟ್ಯಾಗಿನ ಯಾವನೋ ಸಿಂಪಿಗ್ಯಾಂದು, ಹೊಸಾದು," ಅಂತ ನಕ್ರು. ಅತ್ತಿ, ಮಾವ, ಎಲ್ಲಾರೂ ನಕ್ರು. "ಅಕ್ಷರ ಇದ್ದುವ್ರಿ," ಅಂದ್ರು ಕಾಕಾ. ಮತ್ತ್ಯಾರರೇ ನೋಡಿದಾರೇನು ಅಂತ ಸಾಹೇಬ್ರು ಕೇಳಿದ್ರು. ನಾ ಚಹಾದ ತಾಟು ಹಿಡಕೊಂಡು ಬಾಗಲದಾಗ ನಿಂತಿದ್ದೆ. ನನ್ನ ಹೆಸರು ಬಂದ್ರ ಅತ್ತಿ ನನ್ನ ಜನ್ಮಾ ಜಾಲಾಡ್ತಾರ ಅಂತ ಕಾಕಾಗ ಗೊತ್ತಿತ್ತು. ನನ್ನ ಕಡೆ ನೋಡಲಿಲ್ಲ. "ಇಲ್ಲರಿ, ಯಾರೂ ಇಲ್ಲ," ಅಂದ್ರು. ಪರ ಗಂಡಸರ ಮುಂದ ಸೊಸಿ ಬಾಯಿ ತೆರೀಬಾರದು ಅಂತ ಸುಮ್ಮನಿದ್ದೆ ಅಂತ ಎಷ್ಟೋ ವರ್ಷ ನನಗ ನಾನ ಹೇಳಿಕೊಂಡೆ. ಸುಳ್ಳು. ಅಂಜಿದೆ, ಅಷ್ಟ.

ಎಂಟ ದಿನದಾಗ ಪಾಯಾಕ್ಕ ಕಾಂಕ್ರೀಟ್ ಬಿತ್ತು. ಕಾಕಾ ಮತ್ತ ಯಾವ ಮಣ್ಣಿನ ಗುಡ್ಡಿಗೂ ಹೋಗಲಿಲ್ಲ. ನನ್ನ ಕೂಡ ಮೊದಲಿನಂಗ ಮಾತಾಡತಿದ್ರು: ಉಂಡ್ಯಾ, ತವರಿಂದ ಪತ್ರಾ ಬಂತಾ… ನಾನ ತಪ್ಪಿಸಿಕೊಂಡು ತಿರಗ್ತಿದ್ದೆ. ತಪ್ಪಾತು ಅನ್ನೂದನ್ನ ನಾಳಿ, ನಾಡದು ಅಂತ ದೂಡಿದೆ. ಅವರು ತೀರಿಕೊಂಡ್ರು. ಡಬ್ಬಿ ಎಲ್ಲಿ ಹೋತೋ… ಈಗ ಅವರ ಮನ್ಯಾಗ, ದವಾಖಾನಿಗೆ ಬಂದ ಪೇಶಂಟ್ ಕಡೆಯವರಿಗೆ ಖೋಲಿ ಬಾಡಿಗಿ ಕೊಡ್ತಾರ.

ಮೊನ್ನೆ, ಹಬ್ಬಾ ಮುಗದ ಮ್ಯಾಲ, ಕಾಲೇಜಿನ ಹುಡಗಿ ಒಬ್ಬಾಕಿ ಬರಿಯೂ ವಹಿ ಹಿಡಕೊಂಡು ಓಣಿಗೆ ಬಂದ್ಲು. ಕಿಲ್ಲೇದ ಸುತ್ತಿನ ಹಳೇ ಮನಿಗಳ ಅಭ್ಯಾಸ ಮಾಡಾಕ್ಹತ್ಯಾಳಂತ. ಕರದು ಕುಂದ್ರಿಸಿದೆ. ಎಲ್ಲಾ ಹೇಳಿದೆ: ನಾ ಓದಿದ್ದು, ನಾ ತಿಕ್ಕಿದ್ದು, ನಾ ಬಾಯಿ ಮುಚ್ಚಿಕೊಂಡು ನಿಂತದ್ದು. "ಜನರ ದಂತಕಥೆ ಅಂತ ಬರಕೊಳ್ತೀನ್ರಿ ಆಜೀ," ಅಂದ್ಲು.

"ದಂತಕಥೆ ಅಲ್ಲವ್ವಾ! ನನ್ನ ಹೆಸರು ಹಾಕು. ಕಣ್ಣಾರೆ ನೋಡಿದಾಕಿ ಅಂತ ಬರಿ."

ಬರದ್ಲು. ನಂಬಿ ಅಲ್ಲ, ಮುದುಕಿ ಮನಸು ನೋಯಬಾರದಂತ. ಮಾರಿ ನೋಡಿದ್ರ ತಿಳೀತೈತಲ್ಲ. ಅಕಿ ಹೋದ ಮ್ಯಾಲ ತಡೀಲಾರದ ಹೊರಗ ಬಂದೆ. "ಕಾಕಾ, ಕಡೀಕ ಹೇಳಿಬಿಟ್ಟೆನ್ರಿ," ಅನ್ನಬೇಕಂತ ಬಾಜೂ ಮನಿ ಕಡೆ ಹೊಳ್ಳಿದೆ. ಅಲ್ಲಿ ವಿಜಾಪುರ ಕಡೆಯವರು ಯಾರೋ ಅರಿವಿ ಒಣಾಕ ಹಾಕ್ತಿದ್ರು. "ಯಾರ ಬೇಕಾಗಿತ್ರಿ?" ಅಂತ ಕೇಳಿದ್ರು.