ಉಡಿದಾರಕ್ಕೆ ಸಿಕ್ಕಿಸಿದ ಮೈಕ್

ಹಂಗಳದ ಒಬ್ಬ ರೈತನ ಬಾಳೆತೋಟವನ್ನು, ಗೊನೆ ಬಿಟ್ಟಿದ್ದ ಗಿಡಗಳ ಸಮೇತ, ಯಾರೋ ಕಡಿದುಹಾಕಿದ್ದರು. ಕಡಿದವನು ತನ್ನ ತಮ್ಮನೇ ಎಂದು ಆತ ಹೇಳುತ್ತಿದ್ದ. ಸಾಕ್ಷಿ ಇಲ್ಲವೆಂದು ಪೊಲೀಸರು ವಾಪಸ್ ಕಳಿಸಿದ್ದರು. ಚಾಮರಾಜನಗರದಿಂದ ನಾನೂ ನಮ್ಮ ವಾಹಿನಿಯ ಕ್ಯಾಮೆರಾಮನ್ನೂ ಹೋದದ್ದು ಆ ಸುದ್ದಿಗೆ.

ಕಾಲರಿಗೆ ಹಾಕುವ ಪುಟ್ಟ ಮೈಕಿನ ವೈರು ಅಂಗಿಯೊಳಗಿಂದ ಇಳಿದು, ಸೊಂಟದಲ್ಲಿರುವ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿಗೆ ಸೇರುತ್ತದೆ. ಮಾತನ್ನು ಕ್ಯಾಮೆರಾಕ್ಕೆ ಕಳಿಸುವುದು ಆ ಡಬ್ಬಿ. ಪ್ಯಾಂಟಿನವರಿಗೆ ಬೆಲ್ಟಿಗೆ ಸಿಕ್ಕಿಸುತ್ತೇವೆ. ಪಂಚೆಗೆ ಸಿಕ್ಕಿಸಿದರೆ ಪಂಚೆಯೇ ಜಾರುತ್ತದೆ. ಹಾಗಾಗಿ ನಮ್ಮ ಕಡೆ ಉಡಿದಾರಕ್ಕೆ ಸಿಕ್ಕಿಸಿ ಮೇಲೆ ಅಂಗಿ ಬಿಡುವುದು ರೂಢಿ. ಪಂಚೆ ಉಟ್ಟಿದ್ದ ಈ ರೈತನಿಗೂ ಅವನ ಹೊಸ ಉಡಿದಾರಕ್ಕೇ ಸಿಕ್ಕಿಸಿದೆವು.

"ಇದು ಎಷ್ಟ್ ದೂರದ ಗಂಟ ಕೇಳ್ತದೆ?" ಎಂದು ರೈತ ಕೇಳಿದ.

"ಆ ಹುಣಸೆಮರದ ತಾವ ಓಗಿ ಬೈದ್ರೂ ಕೇಳ್ತದೆ ಕಣಣ್ಣ. ನಮ್ಮುನ್ನ ಬೈಬ್ಯಾಡಿ ಅಷ್ಟೇಯ," ಎಂದು ಕ್ಯಾಮೆರಾಮನ್ ನಕ್ಕ.

ಸಂದರ್ಶನ ಮುಗಿಯಿತು. ಕ್ಯಾಮೆರಾಮನ್ ರೆಕಾರ್ಡಿಂಗ್ ನಿಲ್ಲಿಸಿ ಡಬ್ಬಿ ಬಿಚ್ಚಲು ಹೋದ. "ಇರ್ಲಿ, ನೀರ್ ತತ್ತೀನಿ, ಆಮೇಕೆ ಬಿಚ್ಚಿವ್ರಂತೆ," ಎಂದು ರೈತ ಹೊರಟ. ಮನೆಗೆ ಹೋಗಲಿಲ್ಲ. ಮನೆ ದಾಟಿ, ಹುಣಸೆಮರದ ಪಕ್ಕದ ಪಂಪ್‌ಹೌಸಿಗೆ ನಡೆದ. ತಮ್ಮ ಅಲ್ಲಿದ್ದ.

ಹೆಡ್‌ಫೋನ್ ಇನ್ನೂ ಕಿವಿಯಲ್ಲಿದ್ದ ಕ್ಯಾಮೆರಾಮನ್ ನನ್ನ ತೋಳು ಹಿಡಿದು ಎಳೆದು, ಅದರ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿದ.

"ಬಾಳೆ ಕಡ್ದೋನು ನೀನೇ ಅಂತ ಒಪ್ಕಳಲಾ," ಅಣ್ಣನ ದನಿ.

"ಟಿವಿಯೋರ್ನ ಕರ್ಕಬಂದಿದ್ದೀಯಲ್ಲ, ಅವ್ರೇ ಒಪ್ಪುಸ್ಲಿ ಓಗು."

"ಒಪ್ಕಳಾಕೂ ಗಂಡಸ್ತನ ಬೇಕು. ಎಡ್ತಿ ಸೀರೆ ಉಟ್ಕಂಡು ಕೂತ್ಕೋಗು."

"ನಾನೇ ಕಣ್ಲಾ ಕಡ್ದಿದ್ದು! ಒಂದೊಂದ್ ಗಿಡನೂ ನಿನ್ ಕತ್ತು ಅಂದ್ಕಂಡೇ ಕಡ್ದೆ. ಏನ್ಲಾ ಮಾಡ್ಬುಟ್ಟೀಯ?"

ಅಲ್ಲಿಗೆ ಅಣ್ಣ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಅವನ ಕೆಲಸ ಆಗುತ್ತಿತ್ತು. ಆದರೆ ಗೆದ್ದದ್ದನ್ನು ತೋರಿಸದೆ ಇರಲಾಗಲಿಲ್ಲ. "ಸಿಕ್ಕಾಕ್ಕಂಡೆ ಮಗನೇ! ನೋಡಿಲ್ಲಿ," ಎಂದ. ಅಂಗಿ ಎತ್ತಿದ ಸರಪರ ಸದ್ದು ಕೇಳಿತು. ಮೊದಲ ಏಟು ಮೈಕಿನ ಮೇಲೆಯೇ ಬಿತ್ತು. ಕ್ಯಾಮೆರಾಮನ್ ಹೆಡ್‌ಫೋನ್ ಕಿತ್ತೆಸೆದ. ಇಬ್ಬರೂ ಓಡಿದೆವು.

ನಾವು ಮುಟ್ಟುವಷ್ಟರಲ್ಲಿ ತಮ್ಮ ಡಬ್ಬಿ ಹಿಡಿದು ಅಣ್ಣನನ್ನು ನೀರಿನ ತೊಟ್ಟಿಯ ಸುತ್ತ ಎಳೆದಾಡುತ್ತಿದ್ದ. ಹೊಸ ಉಡಿದಾರ ಹರಿಯದೆ ಸೊಂಟದ ಚರ್ಮ ಸೀಳಿತ್ತು. ಕೊನೆಗೆ ಕ್ಲಿಪ್ ಮುರಿದು ಡಬ್ಬಿ ತಮ್ಮನ ಕೈಗೇ ಬಂತು. ಅಣ್ಣನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಅದೇ ಡಬ್ಬಿಯಿಂದ ಬಾಯಿಗೆ ಹೊಡೆದ. ಪ್ರತಿ ಏಟಿಗೂ ನಮ್ಮ ಕಡೆ ನೋಡಿ, "ಕೇಳುಸ್ಕಳಿ, ಕೇಳುಸ್ಕಳಿ," ಎಂದ. ಸಿಮೆಂಟಿನ ಮೇಲೆ ಹಲ್ಲು ಬಿದ್ದವು. ಎಳೆದು ಬಿಡಿಸುವಾಗ ಅವನು ಕ್ಯಾಮೆರಾಮನ್ನಿನ ಅಂಗೈಯನ್ನು ರಕ್ತ ಬರುವಂತೆ ಕಚ್ಚಿದ. ಪಕ್ಕದ ಹೊಲದವರು ಬಂದು ಅವನನ್ನು ಕಂಬಕ್ಕೆ ಕಟ್ಟಿದರು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಅಣ್ಣನ ದವಡೆಗೆ ಪಟ್ಟಿ ಹಾಕಿದ್ದರು. ಮಾತಿರಲಿಲ್ಲ. ರೆಕಾರ್ಡ್ ಆಯಿತೇ ಎಂದು ಕೈಸನ್ನೆಯಲ್ಲಿ ಕೇಳಿದ. ಇಲ್ಲ ಎಂದೆ. ಹೆಡ್‌ಫೋನಿಗೆ ಕೇಳಿಸುತ್ತಿತ್ತು ಅಷ್ಟೇ. ಗುಂಡಿ ಒತ್ತುವುದು ಇಬ್ಬರಿಗೂ ಹೊಳೆಯಲಿಲ್ಲ.

"ಅಂಗಾದ್ರೆ ಅಲ್ಲು ಓದದ್ದು ದಂಡವಾ?" ಎಂದು ಅವನ ಹೆಂಡತಿ ನನ್ನನ್ನೇ ಕೇಳಿದಳು.

ಅವನು ಕೈ ಚಾಚಿ, ಒಂದು ಬೆರಳಿಂದ ನನ್ನ ಕಿವಿ ಮುಟ್ಟಿದ. ಹೇಳುತ್ತೇನೆ ಎಂದೆ.

ಆ ಸಂಜೆಯೇ ಠಾಣೆಗೆ ಹೋಗಿ ಕೇಳಿದ ಮಾತನ್ನು ಕೇಳಿದ ಕ್ರಮದಲ್ಲೇ ಬರೆಸಿದೆವು. ತಮ್ಮ ಒಪ್ಪಿಕೊಂಡದ್ದನ್ನು ಹೇಳಿದೆವು. ಅದಕ್ಕೆ ಮುಂಚೆ ಅಣ್ಣ ಸೀರೆ ಉಡು ಎಂದು ಕೆಣಕಿದ್ದನ್ನೂ ಬಿಡಲಿಲ್ಲ.